ಶವರ್ ಟ್ರೇ ಕೂತಾಯಿತು, ಸುತ್ತಲಿನ ಸಂದು ಯಾರ ಕೆಲಸ?

ಟ್ರೇ ಕೂತಾಯಿತು. ಡ್ರೈನ್ ಜೋಡಿಸಿ, ಒಂದು ಬಕೆಟ್ ನೀರು ಸುರಿದು ನೋಡಿ ಪ್ಲಂಬರ್ ಹೊರಟರು. ಟೈಲ್ಸ್ ಮೇಸ್ತ್ರಿ ಹಿಂದಿನ ವಾರವೇ ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೋಗಿದ್ದಾರೆ. ಬಾತ್‌ರೂಮಿನಲ್ಲಿ ಉಳಿದಿರುವುದು ಟ್ರೇ ಅಂಚಿಗೂ ಗೋಡೆಗೂ ನಡುವಿನ ಸಂದು: ಎಡಮೂಲೆಯಲ್ಲಿ 3 ಮಿ.ಮೀ., ಬಲಮೂಲೆಗೆ ಬರುವಷ್ಟರಲ್ಲಿ 14. ಪ್ಲಂಬರಿಗೆ ಫೋನ್ ಮಾಡಿದರೆ ಅದು ಟೈಲ್ಸ್‌ನವರ ಕೆಲಸ ಅನ್ನುತ್ತಾರೆ. ಟೈಲ್ಸ್‌ನವರನ್ನು ಕೇಳಿದರೆ ಟ್ರೇ ಕೂರಿಸಿದವರೇ ಮುಗಿಸಿಕೊಡಬೇಕು ಅನ್ನುತ್ತಾರೆ. ಕೊನೆಗೆ ಯಾರೋ ಒಬ್ಬರು ವೈಟ್ ಸಿಮೆಂಟ್ ಕಲಸಿ, ಸಂದಿಗೆ ಮೆತ್ತಿ, ಒದ್ದೆ ಬಟ್ಟೆಯಲ್ಲಿ ಒರೆಸಿ, "ಆಯ್ತು ಸಾರ್, ನಾಳೆಯಿಂದ ಸ್ನಾನ ಮಾಡ್ಬಹುದು" ಎಂದು ಹೇಳಿ ಹೋಗುತ್ತಾರೆ. ಆ ದಿನಕ್ಕೆ ಅದು ಚೆಂದವಾಗಿಯೇ ಕಾಣುತ್ತದೆ. ಕೆಲವು ತಿಂಗಳಲ್ಲಿ ಸಿಮೆಂಟಿನ ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಕೆಳಗಿನ ಮನೆಯವರು ತಮ್ಮ ಸೀಲಿಂಗಿನ ಫೋಟೊ ಕಳಿಸುವವರೆಗೆ.

ಶವರ್ ಟ್ರೇ ನಮ್ಮ ಬಚ್ಚಲಿಗೆ ಹೊಸದು. ಬಚ್ಚಲಮನೆ ಎಂದರೆ ನೆಲವೆಲ್ಲ ಒದ್ದೆಯಾಗುವ ಜಾಗ. ನೆಲಕ್ಕೆ ವಾಟ ಕೊಟ್ಟು ಮೂಲೆಯ ಟ್ರ್ಯಾಪಿಗೆ ನೀರು ಹರಿಸುವುದು ನಮ್ಮ ಪದ್ಧತಿ. ಟ್ರೇ ಬಂದಿದ್ದು ಬೇರೆ ಬಗೆಯ ಮನೆಗಳಿಂದ. ಬ್ರಿಟನ್ನಿನ ಮನೆಗಳಲ್ಲಿ ಮೇಲಂತಸ್ತಿನ ನೆಲ ಸಾಮಾನ್ಯವಾಗಿ ಮರದ ತೊಲೆ, ಹಲಗೆಗಳದ್ದು. ಅಲ್ಲಿ ಬಾತ್‌ರೂಮಿನ ನೆಲಕ್ಕೆ ನೀರು ಬೀಳಲೇಬಾರದು, ಬಿದ್ದದ್ದನ್ನೆಲ್ಲ ಟ್ರೇ ಹಿಡಿಯಬೇಕು. ಒದ್ದೆ ಜಾಗ ಬೇರೆ, ಒಣ ಜಾಗ ಬೇರೆ ಎಂದು ಗಾಜಿನ ಕ್ಯೂಬಿಕಲ್ ಹಾಕಿಸುವ ರೂಢಿ ಬೆಂಗಳೂರಿನ ಫ್ಲ್ಯಾಟುಗಳಿಗೆ ಬಂದ ಮೇಲೆ ಟ್ರೇಯೂ ಅದರ ಜೊತೆಗೆ ಬಂತು. ಆದರೆ ಅದನ್ನು ಕೂರಿಸುವವರ ಕೈ ಇನ್ನೂ ಸಿಮೆಂಟಿನ ಕೈ. ಎರಡು ಗಟ್ಟಿ ವಸ್ತುಗಳ ನಡುವೆ ಜಾಗ ಕಂಡರೆ ಗಟ್ಟಿ ವಸ್ತುವಿನಿಂದಲೇ ತುಂಬುವುದು ಗಾರೆ ಕೆಲಸದ ಸಹಜ ಬುದ್ಧಿ. ಗೋಡೆಗೆ ಅದು ಸರಿ, ಟ್ರೇಗೆ ಸರಿಯಲ್ಲ. ಯಾಕೆಂದರೆ ಟ್ರೇ ಅಲುಗುತ್ತದೆ.

ಎಷ್ಟು ಅಲುಗುತ್ತದೆ ಎಂಬುದಕ್ಕೆ ಲೆಕ್ಕವಿದೆ. ಅಂಗಡಿಯಲ್ಲಿ ಸಿಗುವ ಹಗುರವಾದ ಟ್ರೇಗಳು ಹೆಚ್ಚಾಗಿ ಅಕ್ರಿಲಿಕ್ ಹಾಳೆಯವು, ಹಿಂಬದಿಗೆ ಫೈಬರ್‌ಗ್ಲಾಸಿನ ಪದರ. ಅಕ್ರಿಲಿಕ್ ಬಿಸಿಯಾದರೆ ಪ್ರತಿ ಡಿಗ್ರಿಗೆ, ಪ್ರತಿ ಮೀಟರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. ಸೆರಾಮಿಕ್ ಟೈಲ್ ಹಿಗ್ಗುವುದು ಅದರ ಹತ್ತನೇ ಒಂದು ಪಾಲು. ಡಿಸೆಂಬರಿನ ಬೆಳಿಗ್ಗೆ 20 ಡಿಗ್ರಿಯಲ್ಲಿ ತಣ್ಣಗೆ ಕೂತಿರುವ ಟ್ರೇ ಮೇಲೆ ಗೀಸರಿನ 40 ಡಿಗ್ರಿ ನೀರು ಬಿತ್ತು ಎನ್ನೋಣ. 900 ಮಿ.ಮೀ. ಅಗಲದ ಟ್ರೇ ಲೆಕ್ಕದ ಪ್ರಕಾರ ಒಂದೂಕಾಲು ಮಿ.ಮೀ. ಹಿಗ್ಗಬೇಕು. ಫೈಬರ್ ಪದರ ಅದನ್ನು ಒಂದಿಷ್ಟು ಹಿಡಿದಿಡುತ್ತದೆ ನಿಜ, ಆದರೂ ಗೋಡೆ ಕದಲದೆ ನಿಂತಿರುವಾಗ ಟ್ರೇ ಅಂಚು ಹಿಂದೆ ಮುಂದೆ ಸರಿಯುತ್ತಲೇ ಇರುತ್ತದೆ. ಇದು ದಿನಕ್ಕೆ ಎರಡು ಸಲ, ವರ್ಷವಿಡೀ. ಇದರ ಮೇಲೆ ನಮ್ಮ ಭಾರ ಬೇರೆ. ನಡುವೆ ನಿಂತರೆ ಟ್ರೇ ಸ್ವಲ್ಪ ಕುಸಿಯುತ್ತದೆ, ಅಂಚು ಗೋಡೆಯಿಂದ ಕೊಂಚ ಕೆಳಕ್ಕೆ ಜಾರುತ್ತದೆ. ಸಿಮೆಂಟಾಗಲಿ ಗ್ರೌಟಾಗಲಿ ಒತ್ತಿದರೆ ತಡೆದುಕೊಳ್ಳುತ್ತವೆ, ಎಳೆದರೆ ಬಿರಿಯುತ್ತವೆ. ಎಪಾಕ್ಸಿ ಗ್ರೌಟ್ ಹಾಕಿದರೆ ಏನೂ ಆಗಲ್ಲ ಎಂದು ಹೇಳುವವರಿದ್ದಾರೆ. ಎಪಾಕ್ಸಿ ನೀರು ಹೀರುವುದಿಲ್ಲ ಎನ್ನುವುದು ಸರಿ, ಆದರೆ ಅದೂ ಗಟ್ಟಿಯೇ. ಪೈಪ್ ಸೋರಿದರೆ ಎಲ್ಲರೂ ಮೊದಲು ಹುಡುಕುವ ಎಂ-ಸೀಲ್ ಕೂಡ ಇದೇ ಜಾತಿ. ಇಲ್ಲಿ ಬೇಕಾಗಿರುವುದು ರಬ್ಬರಿನಂತೆ ಎಳೆದರೆ ಬರುವ, ಬಿಟ್ಟರೆ ಹಿಂದಕ್ಕೆ ಹೋಗುವ ವಸ್ತು. ಅಂದರೆ ಸಿಲಿಕಾನ್.

ಸಿಲಿಕಾನ್ ಕೂಡ ಎಷ್ಟು ಬೇಕಾದರೂ ಎಳೆಯುತ್ತದೆ ಎಂದಲ್ಲ. ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 11600 ಸೀಲೆಂಟುಗಳನ್ನು ವರ್ಗ ಮಾಡುತ್ತದೆ. ಒಳ್ಳೆಯ ಸಿಲಿಕಾನ್ ಟ್ಯೂಬಿನ ಮೇಲೆ 25 ಎಂಬ ವರ್ಗ ಇರುತ್ತದೆ. ಸಂದಿನ ಅಗಲದ ಶೇ. 25ರಷ್ಟು ಹಿಗ್ಗಿದರೂ ಕುಗ್ಗಿದರೂ ಅದು ತಾಳಿಕೊಳ್ಳುತ್ತದೆ ಎಂದರ್ಥ. ಈಗ ಗುಣಿಸಿ ನೋಡಿ. ಸಂದು 5 ಮಿ.ಮೀ. ಇದ್ದರೆ ಒಂದೂಕಾಲು ಮಿ.ಮೀ. ಅಲುಗಾಟವನ್ನು ಅದು ಸರಿಯಾಗಿ ತಾಳಿಕೊಳ್ಳುತ್ತದೆ. ಸಂದು 2 ಮಿ.ಮೀ. ಇದ್ದರೆ ತಾಳಿಕೆ ಅರ್ಧ ಮಿ.ಮೀ.ಗೆ ಮುಗಿಯಿತು, ಆಮೇಲೆ ಹರಿಯುವುದೇ. ಸಂದೇ ಕಾಣದಂತೆ ಟೈಲ್ ಒತ್ತಿ ಕೂರಿಸಿದ್ದೇನೆ ಎಂದು ಮೇಸ್ತ್ರಿ ಹೆಮ್ಮೆಯಿಂದ ತೋರಿಸಿದರೆ ನನಗೆ ಹೆದರಿಕೆಯಾಗುವುದು ಇದಕ್ಕೇ. ಬರಿಯ ಹೊರಮೈಗೆ ಸವರಿದ ತೆಳು ಸಿಲಿಕಾನ್ ಪಟ್ಟಿಗೆ ಹಿಡಿತವೂ ಇಲ್ಲ, ಎಳೆತವೂ ಇಲ್ಲ. ಟೈಲ್ಸ್ ಹಾಕುವವರ ಹತ್ತಿರ 3 ಮತ್ತು 5 ಮಿ.ಮೀ. ಸ್ಪೇಸರುಗಳು ಇದ್ದೇ ಇರುತ್ತವೆ. ಟ್ರೇ ಅಂಚಿನ ಮೇಲೆ ಆ ಸ್ಪೇಸರ್ ಇಟ್ಟು ಅದರ ಮೇಲೆ ಮೊದಲ ಸಾಲಿನ ಟೈಲ್ ನಿಲ್ಲಿಸಿ ಎಂದು ಹೇಳಿದರೆ ಅರ್ಧ ಕೆಲಸ ಆದಂತೆ.

ಇಲ್ಲಿ ಕ್ರಮದ ಪ್ರಶ್ನೆ ಬರುತ್ತದೆ. ಹೊಸದಾಗಿ ಬಾತ್‌ರೂಮ್ ಮಾಡಿಸುತ್ತಿರುವವರು ಟ್ರೇಯನ್ನು ಟೈಲ್ಸಿಗಿಂತ ಮೊದಲು, ನೀರು ತಡೆಯುವ ಲೇಪನ ಆದ ಬರೀ ಗೋಡೆಗೆ ತಾಗಿಸಿ ಕೂರಿಸಬೇಕು. ಆಮೇಲೆ ಟೈಲ್ ಗೋಡೆಯಿಂದ ಇಳಿದು ಟ್ರೇ ಅಂಚಿನ ಮೇಲೆ ಬರಬೇಕು. ಆಗ ಗೋಡೆಯಲ್ಲಿ ಇಳಿಯುವ ನೀರು ಟೈಲಿನಿಂದ ನೇರ ಟ್ರೇಗೆ ಬೀಳುತ್ತದೆ. ಸಂದು ಟೈಲಿನ ಕೆಳಗೆ, ಅಡ್ಡಕ್ಕೆ ಮಲಗಿರುತ್ತದೆ. ಸಿಲಿಕಾನ್ ಹೋದರೂ ನೀರು ತಾನಾಗಿ ಒಳಗೆ ಇಳಿಯುವುದಿಲ್ಲ. ಕೆಲವು ಟ್ರೇಗಳಿಗೆ ಗೋಡೆಯ ಕಡೆ ಒಂದೆರಡು ಸೆಂಟಿಮೀಟರ್ ಎತ್ತರದ ತುಟಿ ಇರುತ್ತದೆ, ಅದು ಟೈಲಿನ ಹಿಂದೆ ಮರೆಯಾಗಿ ಕೂರುತ್ತದೆ. ಅಂಥದ್ದು ಸಿಕ್ಕರೆ ಎರಡು ಕಾಸು ಹೆಚ್ಚಾದರೂ ತೆಗೆದುಕೊಳ್ಳಿ. ತುಟಿ ಇಲ್ಲದ ಟ್ರೇಗೆ ಅಂಚಿನ ಸುತ್ತ ಬ್ಯುಟೈಲ್ ಟೇಪ್ ಅಂಟಿಸಿ, ಅದನ್ನು ಗೋಡೆಗೆ ತಿರುಗಿಸಿ, ಮೇಲೆ ಟೈಲ್ ಹಾಕಿದರೆ ಹೆಚ್ಚುಕಡಿಮೆ ಅದೇ ಕೆಲಸವಾಗುತ್ತದೆ.

ಟೈಲ್ಸ್ ಇದ್ದ ಹಳೆಯ ಬಾತ್‌ರೂಮಿಗೆ ಟ್ರೇ ತಂದು ತಳ್ಳಿದರೆ ಕತೆ ಬೇರೆ. ಆಗ ಸಂದು ಟ್ರೇ ಪಕ್ಕದಲ್ಲಿ, ಬಾಯಿ ಮೇಲಕ್ಕೆ ತೆರೆದುಕೊಂಡಿರುತ್ತದೆ. ಟೈಲಿನ ಮೇಲೆ ಇಳಿದ ನೀರೆಲ್ಲ ಮೊದಲು ಬಂದು ಸೇರುವುದೇ ಅದರೊಳಗೆ. ನಮ್ಮಲ್ಲಿ ಬಹುಪಾಲು ಆಗುವುದು ಇದೇ ಆದ್ದರಿಂದ ಮುಂದಿನ ಮಾತು ಹೆಚ್ಚಾಗಿ ಇದರ ಬಗ್ಗೆ.

ಸಂದು ಮುಚ್ಚುವ ಮೊದಲು ಟ್ರೇ ಕೆಳಗೆ ಏನಿದೆ ಎಂದು ತಿಳಿದುಕೊಳ್ಳಿ. ಬರಿಗಾಲಲ್ಲಿ ಟ್ರೇ ಮೇಲೆ ನಿಂತು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿ. ಇನ್ನೊಬ್ಬರು ಬಗ್ಗಿ ಅಂಚನ್ನು ನೋಡಲಿ. ಅಂಚು ಕಣ್ಣಿಗೆ ಕಾಣುವಷ್ಟು ಏರಿಳಿದರೆ ಯಾವ ಸಿಲಿಕಾನೂ ಅದನ್ನು ಉಳಿಸುವುದಿಲ್ಲ. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಡಿದು ಕೇಳಿ. ಟೊಳ್ಳು ಸದ್ದು ಬಂದ ಕಡೆ ಕೆಳಗೆ ಗಾರೆ ಇಲ್ಲ. ಒಂದು ಭಾಗ ಸಿಮೆಂಟಿಗೆ ನಾಲ್ಕೈದು ಭಾಗ ಮರಳು ಸೇರಿಸಿ, ಹಿಡಿ ಮಾಡಿದರೆ ಉಂಡೆ ನಿಲ್ಲುವಷ್ಟು ಮಾತ್ರ ನೀರು ಹಾಕಿ ಕಲಸಿದ ಗಾರೆಯನ್ನು ತಳದಡಿ ಪೂರ್ತಿ ಹರಡಿ, ಅದರ ಮೇಲೆ ಟ್ರೇ ಕೂರಿಸಬೇಕು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಗಾರೆ ಇಟ್ಟು ಕೂರಿಸುವುದು ಸಮಯ ಉಳಿಸುವ ಕೆಟ್ಟ ಅಭ್ಯಾಸ. ಕಾಲುಗಳಿರುವ ಟ್ರೇಯಾದರೆ ಎಲ್ಲ ಕಾಲೂ ನೆಲಕ್ಕೆ ತಾಗಿವೆಯೇ, ಅವುಗಳ ನಟ್ ಬಿಗಿಯಾಗಿದೆಯೇ ನೋಡಿ. ಟ್ರೇ ಅಂಚಿನ ಮೇಲೆ ರಸಮಟ್ಟ ಇಟ್ಟರೆ ನಾಲ್ಕೂ ಕಡೆ ಸಮ ಇರಬೇಕು. ನೀರು ಹರಿಯುವ ಇಳಿಜಾರು ಟ್ರೇಯೊಳಗೇ ಇರುತ್ತದೆ. ನೆಲಕ್ಕೆ ವಾಟ ಕೊಟ್ಟು ರೂಢಿಯಾದ ಮೇಸ್ತ್ರಿಗಳು ಟ್ರೇಯನ್ನೂ ಡ್ರೈನ್ ಕಡೆಗೆ ಓರೆ ಮಾಡಿ ಕೂರಿಸುವುದುಂಟು. ಆಗ ಒಂದು ಬದಿಯ ಅಂಚಿನಲ್ಲಿ ನೀರು ನಿಲ್ಲುತ್ತದೆ, ಸಂದಿಗೆ ಬಿಡುವೇ ಇರುವುದಿಲ್ಲ.

ಇನ್ನೊಂದು ನಮ್ಮದೇ ವಿಷಯ. ಟ್ರೇ ತಯಾರಿಸುವವರ ಮನಸ್ಸಿನಲ್ಲಿರುವುದು ನಿಂತು ಶವರ್ ತೆಗೆದುಕೊಳ್ಳುವ ಒಬ್ಬ ಮನುಷ್ಯ. ನಾವು ಅದರಲ್ಲಿ 20 ಲೀಟರ್ ಬಕೆಟ್ ತುಂಬಿಸಿ ಇಡುತ್ತೇವೆ, ಸ್ಟೂಲ್ ಹಾಕಿ ಅಜ್ಜಿಯನ್ನು ಕೂರಿಸಿ ಎಣ್ಣೆನೀರು ಹಾಕುತ್ತೇವೆ. ಸ್ಟೂಲಿನ ನಾಲ್ಕು ಕಾಲು ಎಂದರೆ ಭಾರವೆಲ್ಲ ನಾಲ್ಕು ಚುಕ್ಕೆಗಳ ಮೇಲೆ. ತಳ ಟೊಳ್ಳಿದ್ದರೆ ಟ್ರೇ ಅಲ್ಲೇ ಬಗ್ಗುತ್ತದೆ, ಅಂಚು ಎಳೆಯುತ್ತದೆ. ಮನೆಯಲ್ಲಿ ಬಕೆಟ್ ಸ್ನಾನವೇ ಹೆಚ್ಚು ಎಂದಾದರೆ ನನ್ನ ಸಲಹೆ, ತೆಳು ಅಕ್ರಿಲಿಕ್ ಬಿಟ್ಟು ಕಲ್ಲಿನ ಪುಡಿ ಮತ್ತು ರೆಸಿನ್ ಸೇರಿಸಿ ಎರಕ ಹೊಯ್ದ ಭಾರದ ಟ್ರೇ ಹಾಕಿಸಿ. ಟ್ರೇ ಸಹವಾಸವೇ ಬೇಡ, ನೆಲಕ್ಕೇ ಟೈಲ್ಸ್ ಸಾಕು ಎಂದರೂ ನಾನು ಬೇಡ ಅನ್ನುವುದಿಲ್ಲ.

ಸಿಲಿಕಾನ್ ಹಿಂದಿನ ಮಾತು ಒಂದಿದೆ. ಫ್ಲ್ಯಾಟುಗಳಲ್ಲಿ ಬಾತ್‌ರೂಮಿನ ಸ್ಲ್ಯಾಬ್ ಹೆಚ್ಚಾಗಿ 200ರಿಂದ 300 ಮಿ.ಮೀ. ತಗ್ಗಿನಲ್ಲಿರುತ್ತದೆ. ಆ ಗುಂಡಿಯಲ್ಲಿ ಪೈಪ್ ಹಾಯಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ನೆಲ ಮಾಡಿರುತ್ತಾರೆ. ಸಂದಿನಿಂದ ಇಳಿದ ನೀರು ತಕ್ಷಣ ಕೆಳಮನೆಗೆ ತೊಟ್ಟಿಕ್ಕುವುದಿಲ್ಲ, ಮೊದಲು ಆ ಇಟ್ಟಿಗೆ ಚೂರಿನ ನಡುವೆ ತಿಂಗಳುಗಟ್ಟಲೆ ತುಂಬಿಕೊಳ್ಳುತ್ತದೆ. ಹಾಗಾಗಿ ಕೆಳಗೆ ಕಲೆ ಕಂಡ ದಿನ ಮೇಲೆ ಸಿಲಿಕಾನ್ ಹಾಕಿ "ಈಗ ನಿಲ್ಲುತ್ತೆ ನೋಡಿ" ಎಂದರೆ ನಿಲ್ಲುವುದಿಲ್ಲ. ತುಂಬಿದ್ದು ಇಂಗಿ ಮುಗಿಯುವವರೆಗೆ ಒಸರುತ್ತಲೇ ಇರುತ್ತದೆ, ಸಿಲಿಕಾನ್ ಹಾಕಿದವರು ಬೈಸಿಕೊಳ್ಳುತ್ತಾರೆ. ನೀರು ತಡೆಯಬೇಕಾದದ್ದು ಮೂಲತಃ ಸ್ಲ್ಯಾಬಿಗೂ ಗೋಡೆಯ ಬುಡಕ್ಕೂ ಬಳಿದ ಲೇಪನ. ಸಾಮಾನ್ಯವಾಗಿ ಅದು ಪುಡಿ ಮತ್ತು ದ್ರವ ಬೆರೆಸಿ ಎರಡು ಕೋಟ್ ಹೊಡೆಯುವ ಪಾಲಿಮರ್ ಸಿಮೆಂಟ್. ಶವರ್ ಇರುವ ಗೋಡೆಗೆ ಅದು ತಲೆಯೆತ್ತರಕ್ಕೂ ಹೋಗಬೇಕು, ಮೂಲೆಗಳಲ್ಲಿ ಗಾರೆಯನ್ನು ಗುಂಡಗೆ ತಿರುವಿ ಅದರ ಮೇಲೆ ಬಳಿಯಬೇಕು, ಒಣಗಿದ ಮೇಲೆ ನೀರು ಕಟ್ಟಿ ಒಂದೆರಡು ದಿನ ಬಿಟ್ಟು ಪರೀಕ್ಷೆ ಮಾಡಬೇಕು. ಇದೆಲ್ಲ ಆಗಿದ್ದರೆ ಸಂದಿನ ಸಿಲಿಕಾನ್ ಎರಡನೇ ಕಾವಲು. ಆಗಿಲ್ಲದಿದ್ದರೆ ಅದೊಂದೇ ಕಾವಲು, ಅದರ ಮೇಲೆ ಅಷ್ಟು ಭಾರ ಹೊರಿಸುವುದು ತಪ್ಪು. ಲಂಡನ್ನಿನಲ್ಲೋ ಡಬ್ಲಿನ್ನಿನಲ್ಲೋ ಹಳೆಯ ಮನೆ ಕೊಂಡ ಕನ್ನಡಿಗರಿಗೆ ಇದು ಇನ್ನೂ ಬಿಗಿ. ಮರದ ನೆಲ ತಾನೂ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ, ನೀರು ಇಳಿದರೆ ಕೊಳೆಯುವುದು ತೊಲೆಯೇ.

ಈಗ ಅಳತೆ. ನಮ್ಮ ಗೋಡೆಗಳು ಪ್ಲಾಸ್ಟರ್ ಮಾಡಿದವರ ಕೈ ಹೋದಂತೆ ಹೋಗಿರುತ್ತವೆ, ಟ್ರೇ ಮಾತ್ರ ಅಚ್ಚಿನಿಂದ ಬಂದದ್ದು. ಆದ್ದರಿಂದ ಸಂದು ಒಂದೇ ಅಗಲ ಇರುವುದು ಅಪರೂಪ. ಪ್ರತಿ ಗೇಣಿಗೊಮ್ಮೆ ಅಳೆದು ಮಾಸ್ಕಿಂಗ್ ಟೇಪಿನ ಮೇಲೆ ಬರೆದುಕೊಳ್ಳಿ. 3ರಿಂದ 6 ಮಿ.ಮೀ. ಇದ್ದ ಕಡೆ ಬರೀ ಸಿಲಿಕಾನ್ ಸಾಕು. ಅದಕ್ಕಿಂತ ಅಗಲವಾದರೆ ಒಳಗೆ ಏನಾದರೂ ತುಂಬದೆ ಸಿಲಿಕಾನ್ ಒತ್ತುವಂತಿಲ್ಲ. ಒತ್ತಿದರೆ ಟ್ಯೂಬ್ ಮೇಲೆ ಟ್ಯೂಬ್ ಪಾತಾಳಕ್ಕೆ ಹೋಗುತ್ತದೆ, ದಪ್ಪ ಮುದ್ದೆ ಒಳಗೆ ಒಣಗುವುದೂ ಇಲ್ಲ. ಇಲ್ಲಿ ಬೇಕಾಗುವುದು ಬ್ಯಾಕರ್ ರಾಡ್ ಎಂಬ ಫೋಮಿನ ಹುರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಮುಖ ನೋಡುತ್ತಾರೆ. ಅಲ್ಯೂಮಿನಿಯಂ ಕಿಟಕಿ, ಗಾಜಿನ ಕೆಲಸದವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಸಂದಿಗಿಂತ ಕಾಲು ಭಾಗ ದಪ್ಪದ್ದು ತನ್ನಿ. 12 ಮಿ.ಮೀ. ಸಂದಿಗೆ 15 ಮಿ.ಮೀ. ಹುರಿ. ಬೆರಳಲ್ಲಿ ಒತ್ತಿ ಒಳಗೆ ಕೂರಿಸಿ, ಮೇಲೆ ಸಂದಿನ ಅಗಲದ ಅರ್ಧದಷ್ಟು ಆಳ ಬಿಡಿ. 12ಕ್ಕೆ 6.

ಈ ಹುರಿಗೆ ಜಾಗ ತುಂಬುವುದಕ್ಕಿಂತ ದೊಡ್ಡ ಕೆಲಸ ಒಂದಿದೆ. ಸಿಲಿಕಾನ್ ಫೋಮಿಗೆ ಗಟ್ಟಿಯಾಗಿ ಅಂಟುವುದಿಲ್ಲ. ಆದ್ದರಿಂದ ಅದು ಒಂದು ಕಡೆ ಟೈಲಿಗೆ, ಇನ್ನೊಂದು ಕಡೆ ಟ್ರೇಗೆ ಮಾತ್ರ ಅಂಟಿ ನಡುವೆ ಸ್ವತಂತ್ರವಾಗಿ ಎಳೆದಾಡುತ್ತದೆ. ಬೆನ್ನಿಗೆ ಸಿಮೆಂಟಿದ್ದು ಮೂರು ಕಡೆಯೂ ಅಂಟಿಕೊಂಡರೆ ಎಳೆಯಲು ಎಡೆಯೇ ಇಲ್ಲದೆ ಒಂದು ಬದಿ ಬಿಟ್ಟುಕೊಳ್ಳುತ್ತದೆ. ಒಳಗೆ ವೈಟ್ ಸಿಮೆಂಟ್ ತುಂಬಿ ಮೇಲೆ ಸಿಲಿಕಾನ್ ಎಳೆದರೆ ಎರಡೂ ಹಾಕಿದಂತಾಯಿತಲ್ಲ ಎನ್ನುವವರಿಗೆ ಇದೇ ಉತ್ತರ.

ಸಂದು 15 ಮಿ.ಮೀ. ದಾಟಿದರೆ ಸಿಲಿಕಾನಿನಿಂದ ಮುಗಿಸುವ ಆಸೆ ಬಿಡಿ. ಅಷ್ಟು ಅಗಲದ ಬಿಳಿ ಪಟ್ಟಿ ನೋಡಲೂ ಚೆನ್ನಾಗಿರುವುದಿಲ್ಲ, ಕಾಲಿನ ಉಗುರು ತಗುಲಿದರೆ ಹರಿಯುತ್ತದೆ. ಟ್ರೇ ಸರಿಸಲು ಸಾಧ್ಯವಿದ್ದರೆ ಸರಿಸಿ, ಅಗಲವಾದ ಬದಿಯನ್ನು ಗಾಜಿನ ಕಡೆಗೆ ತನ್ನಿ. ಆಗದಿದ್ದರೆ ಅದೇ ಟೈಲಿನ ತೆಳು ಪಟ್ಟಿ ಕತ್ತರಿಸಿ ಗೋಡೆಗೆ ಅಂಟಿಸಿ ಗೋಡೆಯನ್ನೇ ಮುಂದಕ್ಕೆ ತರಬೇಕು. ಗ್ರಾನೈಟ್ ಪಟ್ಟಿಯೂ ಆಗುತ್ತದೆ, ಮೇಲಂಚು ಟ್ರೇ ಕಡೆಗೆ ಇಳಿಜಾರಾಗಿ ಕೊಯ್ದಿರಬೇಕು ಅಷ್ಟೇ. ಪಟ್ಟಿ ಗೋಡೆಗೆ ಸೇರಿದ್ದು, ಟ್ರೇಗೆ ಅಂಟಬಾರದು. ಅದಕ್ಕೂ ಟ್ರೇಗೂ ನಡುವೆ ಮತ್ತೆ 4-5 ಮಿ.ಮೀ. ಬಿಟ್ಟು ಅಲ್ಲಿ ಸಿಲಿಕಾನ್. ಆನ್‌ಲೈನಿನಲ್ಲಿ ಸಿಗುವ ಅಂಟುಪಟ್ಟಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಡಿಗೆ ಮನೆ ಬಿಡುವ ಮುನ್ನ ಮರೆಮಾಚಲು ಅವು ಸಾಕು.

ಸಿಲಿಕಾನ್ ಕೊಳ್ಳುವಾಗ ಎರಡು ಜಾತಿ ಎಂದು ನೆನಪಿರಲಿ. ಒಂದು, ಒಣಗುವಾಗ ವಿನೆಗರ್ ವಾಸನೆ ಬರುವುದು. ಅಂಗಡಿಯವರು ಸಿಲಿಕಾನ್ ಕೊಡಿ ಎಂದರೆ ತೆಗೆದುಕೊಡುವ ಅಗ್ಗದ ಟ್ಯೂಬ್ ಸಾಮಾನ್ಯವಾಗಿ ಇದೇ. ಅದರಿಂದ ಹೊರಬರುವ ಅಸಿಟಿಕ್ ಆಮ್ಲ ಹಿತ್ತಾಳೆ, ತಾಮ್ರಗಳನ್ನು ತಿನ್ನುತ್ತದೆ, ಸಿಮೆಂಟಿನ ಮೈಗೂ ಅಮೃತಶಿಲೆಗೂ ಸರಿಬರುವುದಿಲ್ಲ. ಇನ್ನೊಂದು ನ್ಯೂಟ್ರಲ್, ಹುಳಿ ವಾಸನೆ ಇಲ್ಲದ್ದು. ಅಕ್ರಿಲಿಕ್ ಟ್ರೇಗೆ ಇದೇ ಕ್ಷೇಮ. ಒಂದೆರಡು ನೂರು ರೂಪಾಯಿ ಹೆಚ್ಚು ಕೊಟ್ಟು ನ್ಯೂಟ್ರಲ್, ಅದರಲ್ಲೂ ಬೂಷ್ಟು ತಡೆಯುವ ಔಷಧ ಸೇರಿಸಿದ ಸ್ಯಾನಿಟರಿ ಎಂದು ಬರೆದದ್ದನ್ನು ಕೇಳಿ ತನ್ನಿ. ಯುರೋಪಿನಿಂದ ಬಂದ ಟ್ಯೂಬಿನ ಮೇಲೆ ಇಎನ್ 15651-3 ಎಂದಿದ್ದರೆ ಅದು ಬಾತ್‌ರೂಮಿನ ಸಂದುಗಳಿಗೆಂದೇ ಇರುವ ಮಾನದಂಡ. ಗೋಡೆಗೆ ಗ್ರಾನೈಟ್ ಅಥವಾ ಮಾರ್ಬಲ್ ಹಾಕಿದ್ದರೆ ಕಲ್ಲಿಗೆ ಎಣ್ಣೆ ಕಲೆ ಬಿಡದ ಬೇರೆ ಸಿಲಿಕಾನ್ ಬೇಕು, ಅದನ್ನು ಬಿಡಿಸಿ ಹೇಳಿ. ಪೇಂಟರುಗಳು ಗೋಡೆ ಬಿರುಕಿಗೆ ತುಂಬುವ ಅಕ್ರಿಲಿಕ್ ಸೀಲೆಂಟ್ ಕೂಡ ಇದೇ ತರಹದ ಟ್ಯೂಬಿನಲ್ಲಿ, ಪಕ್ಕದ ಕಪಾಟಿನಲ್ಲೇ ಇರುತ್ತದೆ. ಅದು ಸದಾ ನೀರು ಬೀಳುವ ಜಾಗಕ್ಕಲ್ಲ. ಎಷ್ಟು ಬೇಕು ಎಂಬುದು ಸುಲಭ ಲೆಕ್ಕ: 6 ಮಿ.ಮೀ. ಅಗಲ, 6 ಮಿ.ಮೀ. ಆಳದ ಸಂದಿಗೆ ಮೀಟರಿಗೆ 36 ಮಿ.ಲೀ. ಮೂರು ಬದಿಯ 900 ಮಿ.ಮೀ. ಟ್ರೇಗೆ ನೂರು ಮಿ.ಲೀ. ಹತ್ತಿರ. 280 ಮಿ.ಲೀ.ನ ಒಂದು ಟ್ಯೂಬ್ ಮಿಕ್ಕುತ್ತದೆ.

ಹಾಕುವ ಕೆಲಸದಲ್ಲಿ ಮುಕ್ಕಾಲು ಪಾಲು ಸ್ವಚ್ಛ ಮಾಡುವುದು. ಸಂದಿನಲ್ಲಿ ಗ್ರೌಟ್ ಸೇರಿದ್ದರೆ ಕೆರೆದು ತೆಗೆಯಿರಿ. ಮೇಸ್ತ್ರಿಗಳು ಟೈಲ್ಸಿಗೆ ಗ್ರೌಟ್ ತುಂಬುವ ಓಘದಲ್ಲಿ ಟ್ರೇ ಸಂದನ್ನೂ ತುಂಬಿಬಿಡುತ್ತಾರೆ, ಮೊದಲೇ ಅಲ್ಲಿ ಟೇಪ್ ಹಚ್ಚಿಟ್ಟರೆ ಈ ರಗಳೆ ಇಲ್ಲ. ಧೂಳು ಬ್ರಷ್ಷಿನಲ್ಲಿ ತೆಗೆದು, ಬಿಳಿ ಬಟ್ಟೆಗೆ ಐಸೊಪ್ರೊಪೈಲ್ ಸ್ಪಿರಿಟ್ ಹಚ್ಚಿ ಎರಡೂ ಅಂಚು ಒರೆಸಿ. ಥಿನ್ನರ್ ಬೇಡ, ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಅಂತೂ ಬೇಡವೇ ಬೇಡ. ಅಕ್ರಿಲಿಕ್ ಮೈಯಲ್ಲಿ ಜೇಡರಬಲೆಯಂಥ ಗೀರು ಬಿಡುತ್ತದೆ. ಆಮೇಲೆ ಒಣಗಬೇಕು. ಮೇಲ್ನೋಟಕ್ಕೆ ಒಣಗಿದ ಸಂದಿನೊಳಗೆ ತೇವ ಇರುತ್ತದೆ, ಮಂಗಳೂರಿನ ಜುಲೈಯಲ್ಲಿ ಕೇಳುವುದೇ ಬೇಡ. ಫ್ಯಾನ್ ಹಾಕಿ ರಾತ್ರಿಯಿಡೀ ಬಿಡಿ, ಬೇಕಾದರೆ ಹೇರ್ ಡ್ರೈಯರ್ ಹಿಡಿಯಿರಿ.

ಸಂದಿನ ಎರಡೂ ಕಡೆ ಮಾಸ್ಕಿಂಗ್ ಟೇಪ್ ನೇರವಾಗಿ ಅಂಟಿಸಿ. ಕೆಳಗೆ ಕಾಲುಗಳ ಮೇಲೆ ನಿಂತ ಅಥವಾ ತೆಳುವಾದ ಟ್ರೇಯಾದರೆ, ಮನೆಗೆ ಕುಡಿಯುವ ನೀರು ಬರುವ 20 ಲೀಟರ್ ಕ್ಯಾನುಗಳನ್ನು ಮೂರೋ ನಾಲ್ಕೋ ತುಂಬಿದ್ದನ್ನೇ ಟ್ರೇ ನಡುವೆ ಇಡಿ. 60ರಿಂದ 80 ಕೆ.ಜಿ., ಅಂದರೆ ಒಬ್ಬ ಮನುಷ್ಯನ ಭಾರ. ಟ್ರೇ ಕುಸಿದು ಸಂದು ತನ್ನ ಗರಿಷ್ಠ ಅಗಲಕ್ಕೆ ಬಂದಿರುವಾಗ ಸಿಲಿಕಾನ್ ಹಾಕಿದರೆ ಮುಂದೆ ಅದು ಹೆಚ್ಚಾಗಿ ಒತ್ತಿಸಿಕೊಳ್ಳುತ್ತದೆಯೇ ಹೊರತು ಎಳೆಸಿಕೊಳ್ಳುವುದಿಲ್ಲ. ಸಿಲಿಕಾನ್ ಗಟ್ಟಿಯಾಗುವವರೆಗೂ ಕ್ಯಾನುಗಳು ಅಲ್ಲೇ ಇರಲಿ.

ನಾಜೂಕು ಕೆಲಸ ಈಗ. ಟ್ಯೂಬಿನ ಮೂತಿಯನ್ನು ಸಂದಿಗಿಂತ ತುಸು ಸಣ್ಣ ಬಾಯಿ ಬರುವಂತೆ 45 ಡಿಗ್ರಿ ಓರೆಯಾಗಿ ಕತ್ತರಿಸಿ. ಎಲ್ಲರೂ ಮಾಡುವುದು ಬುಡದ ಹತ್ತಿರ ಕತ್ತರಿಸಿ ಬೆರಳು ದಪ್ಪದ ಬಾಯಿ ಮಾಡುವುದು, ಆಮೇಲೆ ಸಿಲಿಕಾನ್ ಎಲ್ಲೆಂದರಲ್ಲಿ ಹರಡಿತು ಎಂದು ಬೈಯುವುದು. ಗನ್ನನ್ನು ಗೋಡೆಗೂ ಟ್ರೇಗೂ ಸಮ ಕೋನದಲ್ಲಿ ಹಿಡಿದು, ಮೂತಿ ಸಂದಿನೊಳಗೆ ತಾಗಿರುವಂತೆ, ಒಂದೇ ಹದದಲ್ಲಿ ಟ್ರಿಗರ್ ಒತ್ತುತ್ತ ಮುಂದಕ್ಕೆ ತಳ್ಳಿಕೊಂಡು ಹೋಗಿ. ಮುಂದಕ್ಕೆ ತಳ್ಳಿದರೆ ಸಿಲಿಕಾನ್ ಮೂತಿಯ ಮುಂದೆ ಉಬ್ಬಿ ಎರಡೂ ಅಂಚಿಗೆ ಮೆತ್ತಿಕೊಳ್ಳುತ್ತದೆ. ಹಿಂದಕ್ಕೆ ಎಳೆದರೆ ಮೇಲೆ ಕೂರುತ್ತದೆ, ಕೆಳಗೆ ಗಾಳಿ ಉಳಿಯುತ್ತದೆ. ಆರಂಭವಾಗಲಿ ಮುಕ್ತಾಯವಾಗಲಿ ಮೂಲೆಯಲ್ಲಿ ಬೇಡ. ಬದಿಯ ನಡುವೆ ಎಲ್ಲಾದರೂ ಶುರು ಮಾಡಿ ಮೂಲೆಯನ್ನು ನಿಲ್ಲಿಸದೆ ದಾಟಿ, ಯಾಕೆಂದರೆ ಮೊದಲು ಬಿಡುವುದೇ ಮೂಲೆ. ಹವೆ ನೋಡಿಕೊಂಡು ಹತ್ತಿಪ್ಪತ್ತು ನಿಮಿಷದಲ್ಲಿ ಮೇಲೆ ಪೊರೆ ಕಟ್ಟುತ್ತದೆ. ಅದಕ್ಕೆ ಮೊದಲೇ ಐಸ್‌ಕ್ರೀಮ್ ಕಡ್ಡಿಯ ದುಂಡು ತುದಿಯಿಂದ ಒಂದೇ ಸಲ, ತುಸು ಒತ್ತಿ, ಉದ್ದಕ್ಕೂ ಸವರಿ. ಒತ್ತುವುದು ಅಂದಕ್ಕೆ ಮಾತ್ರವಲ್ಲ, ಸಿಲಿಕಾನ್ ಅಂಚಿಗೆ ಕಚ್ಚಿಕೊಳ್ಳಲಿ ಎಂದು. ಸೋಪುನೀರಿನಲ್ಲಿ ಬೆರಳದ್ದಿ ಸವರುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ. ಬೆರಳು ಒದ್ದೆಯಾದರೆ ಸಾಕು, ನೀರು ತೊಟ್ಟಿಕ್ಕಬಾರದು. ಸಿಲಿಕಾನ್ ಅಂಟುವ ಮೊದಲೇ ಟೈಲಿಗೂ ಅದಕ್ಕೂ ನಡುವೆ ಸೋಪು ಹೊಕ್ಕರೆ ಹಿಡಿತವೇ ಹೋಯಿತು. ಸವರಿದ ಕೂಡಲೇ, ಸಿಲಿಕಾನ್ ಇನ್ನೂ ಹಸಿ ಇರುವಾಗ, ಟೇಪನ್ನು ಸಂದಿನಿಂದ ಆಚೆಗೆ ಓರೆಯಾಗಿ ಎಳೆದು ತೆಗೆಯಿರಿ. ತಡ ಮಾಡಿದರೆ ಪೊರೆಯೂ ಜೊತೆಗೆ ಕಿತ್ತು ಬರುತ್ತದೆ.

ಸಿಲಿಕಾನ್ ಗಟ್ಟಿಯಾಗುವುದು ಗಾಳಿಯ ತೇವ ಹೀರಿಕೊಂಡು, ಹೊರಗಿನಿಂದ ಒಳಕ್ಕೆ, ದಿನಕ್ಕೆ ಸುಮಾರು 2ರಿಂದ 3 ಮಿ.ಮೀ. ಟ್ಯೂಬಿನ ಮೇಲೆ 24 ಗಂಟೆ ಎಂದಿದ್ದರೂ 6 ಮಿ.ಮೀ. ಆಳಕ್ಕೆ ಎರಡು ಮೂರು ದಿನ ಬೇಕು. ಕಲಬುರಗಿಯ ಬೇಸಿಗೆಯ ಒಣಹವೆಯಲ್ಲಿ ಮೇಲೆ ಬೇಗ ಒಣಗಿದಂತೆ ಕಂಡರೂ ಒಳಗೆ ನಿಧಾನವೇ. ಮನೆಯಲ್ಲಿ ಇನ್ನೊಂದು ಬಾತ್‌ರೂಮ್ ಇದ್ದರೆ ಮೂರು ದಿನ ಇದಕ್ಕೆ ಬೀಗ ಹಾಕಿ.

ಟ್ರೇ ಮುಂಬದಿ, ಅಂದರೆ ಬಾತ್‌ರೂಮಿನ ನೆಲಕ್ಕೆ ತಾಗುವ ಕಡೆ, ಅಷ್ಟು ಕಷ್ಟವಿಲ್ಲ. ಒದ್ದೆ ಕಾಲಿನ ನೀರು ಅಲ್ಲಿ ನಿಲ್ಲದಂತೆ 4-5 ಮಿ.ಮೀ. ಸಿಲಿಕಾನ್ ಸಾಕು. ಆದರೆ ಮುಂದಿನ ಪಟ್ಟಿ ಮುಚ್ಚುವ ಮೊದಲು ಒಂದು ಪರೀಕ್ಷೆ ಮುಗಿಸಿ. ಡ್ರೈನ್ ಬಾಯಿ ಮುಚ್ಚಿ ಟ್ರೇಯಲ್ಲಿ ಒಂದಿಂಚು ನೀರು ನಿಲ್ಲಿಸಿ, ಆಮೇಲೆ ಒಮ್ಮೆಲೇ ಬಿಡಿ. ಟ್ರ್ಯಾಪಿನ ಜಾಯಿಂಟಿನ ಸುತ್ತ ಟಿಶ್ಯೂ ಪೇಪರ್ ಸುತ್ತಿಟ್ಟಿದ್ದರೆ ಒಂದು ಹನಿ ಸೋರಿದರೂ ಗೊತ್ತಾಗುತ್ತದೆ. ಸೋರುವುದೇ ಡ್ರೈನಿನಲ್ಲಾದರೆ ಮೇಲೆ ಎಷ್ಟು ಸಿಲಿಕಾನ್ ಬಳಿದರೂ ವ್ಯರ್ಥ. ಎಷ್ಟೋ ಮನೆಗಳಲ್ಲಿ ಸಂದನ್ನು ಮತ್ತೆ ಮತ್ತೆ ಕಿತ್ತು ಹಾಕಿಸುತ್ತಿರುತ್ತಾರೆ, ನೀರು ಹೋಗುತ್ತಿರುವುದು ಡ್ರೈನಿನ ರಬ್ಬರ್ ವಾಷರಿನಿಂದ.

ಗಾಜಿನ ಕ್ಯೂಬಿಕಲ್ ಫ್ರೇಮನ್ನು ಟ್ರೇ ಮೇಲೆ ಕೂರಿಸಿದಾಗ ಸಿಲಿಕಾನ್ ಹೊರಬದಿಗೆ ಮಾತ್ರ. ಒಳಬದಿಗೂ ಹಾಕಿದರೆ ಡಬಲ್ ಭದ್ರ ಎಂದು ಅನಿಸುವುದು ಸಹಜ, ಆಗುವುದು ತಿರುವುಮುರುವು. ಫ್ರೇಮಿನ ಜೋಡಣೆಗಳಿಂದ ಅದರೊಳಗೆ ಸ್ವಲ್ಪ ನೀರು ಸೇರಿಯೇ ಸೇರುತ್ತದೆ. ಒಳಬದಿ ತೆರೆದಿದ್ದರೆ ಅದು ಟ್ರೇಗೆ ವಾಪಸು ಹರಿಯುತ್ತದೆ, ಮುಚ್ಚಿದ್ದರೆ ಫ್ರೇಮಿನೊಳಗೇ ನಿಂತು ದಾರಿ ಹುಡುಕಿಕೊಂಡು ಹೊರಗೆ ಬರುತ್ತದೆ. ಫಿಟ್ ಮಾಡುವ ಹುಡುಗರು ಅವಸರದಲ್ಲಿ ಎರಡೂ ಕಡೆ ಎಳೆದುಬಿಡುತ್ತಾರೆ, ಪಕ್ಕದಲ್ಲಿ ನಿಂತು ಹೇಳಿ.

ಆಮೇಲಿನ ಆರೈಕೆಯಲ್ಲಿ ನಮ್ಮ ನೀರಿನ ಪಾಲು ದೊಡ್ಡದು. ಬೋರ್‌ವೆಲ್ಲಿನ ಗಡಸು ನೀರು ಟ್ರೇ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಅದನ್ನು ತೆಗೆಯಲು ಆ್ಯಸಿಡ್ ಸುರಿದರೆ ಪೊರೆ ಹೋಗುತ್ತದೆ, ಜೊತೆಗೆ ಟೈಲ್ಸಿನ ನಡುವಿನ ಸಿಮೆಂಟ್ ಗ್ರೌಟೂ ಕರಗುತ್ತದೆ. ಸಿಲಿಕಾನ್ ಸರಿಯಾಗಿದ್ದೂ ನೀರು ಅದರ ಮೇಲಿನ ಗ್ರೌಟಿನಿಂದ ಒಳಗಿಳಿಯುತ್ತದೆ. ನಿಂಬೆರಸವೋ ವಿನೆಗರೋ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆದರೆ ಸಾಕು. ಎಣ್ಣೆಸ್ನಾನದ ಜಿಡ್ಡು, ಸೋಪಿನ ಪೊರೆ ಕೂತಲ್ಲಿ ಬೂಷ್ಟು ಬೆಳೆಯುತ್ತದೆ. ಸ್ನಾನ ಮುಗಿದ ಮೇಲೆ ಸಂದನ್ನು ಒಮ್ಮೆ ಒರೆಸಿ, ಎಕ್ಸಾಸ್ಟ್ ಫ್ಯಾನ್ ಸ್ವಲ್ಪ ಹೊತ್ತು ಓಡಲಿ. ಮೇಲ್ಮೈಯ ಕಪ್ಪು ಚುಕ್ಕೆ ತಿಕ್ಕಿದರೆ ಹೋಗುತ್ತದೆ. ಸಿಲಿಕಾನಿನ ಒಳಗೇ ಕಪ್ಪಿಳಿದಿದ್ದರೆ, ಅಥವಾ ಅಂಚು ಉಗುರಿಗೆ ಸಿಕ್ಕಿ ಏಳುತ್ತಿದ್ದರೆ, ತೆಗೆದು ಹೊಸದು ಹಾಕುವ ಕಾಲ ಬಂತು. ಹಳೆಯದರ ಮೇಲೇ ಇನ್ನೊಂದು ಪದರ ಎಳೆಯುವುದು ದುಡ್ಡು ದಂಡ. ಒಣಗಿದ ಸಿಲಿಕಾನಿಗೆ ಹೊಸ ಸಿಲಿಕಾನ್ ಸರಿಯಾಗಿ ಅಂಟುವುದಿಲ್ಲ. ಕಟ್ಟರಿನಿಂದ ಎರಡೂ ಅಂಚು ಸೀಳಿ ಪಟ್ಟಿಯನ್ನು ಇಡಿಯಾಗಿ ಎಳೆಯಿರಿ, ಉಳಿದ ಚೂರನ್ನು ಪ್ಲಾಸ್ಟಿಕ್ ಕೆರೆಯುವ ಅಲಗಿನಿಂದ ತೆಗೆಯಿರಿ, ಟ್ರೇಗೆ ಬ್ಲೇಡ್ ತಾಗಿಸಬೇಡಿ. ಪಟ್ಟಿ ಎದ್ದಾಗ ಅದರ ಕೆಳಗೆ ಒಣ ಫೋಮ್ ಕಂಡರೆ ಒರೆಸಿ, ಒಣಗಿಸಿ, ಹೊಸದು ಹಾಕಿ. ಒದ್ದೆ ಮಣ್ಣು, ಕೊಳೆತ ವಾಸನೆ ಬಂದರೆ ಟ್ಯೂಬನ್ನು ಕೆಳಗಿಟ್ಟು ಮೇಸ್ತ್ರಿಯನ್ನು ಕರೆಯಿರಿ, ಟ್ರೇಯನ್ನೇ ಎತ್ತಿಸಿ ತಳ ನೋಡಿಸಬೇಕು.